ಅಮೆರಿಕದ ಅಲೆಯಲ್ಲಿ ಇಪ್ಪತ್ತೆರಡು ದಿನ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹೇಳಿ ಮುಗಿಸುವುದರೊಳಗೆ ಕೇಳಿದವರು ಆಕಳಿಸಿರುತ್ತಾರೆ. ಗೋದಾಮಿನ ಗೇಟಿನ ಎರಡೂ ಕಡೆ ಬಿಳಿ ಹಲಗೆಯಂಥ ಆಂಟೆನಾ ನಿಲ್ಲಿಸಿರುವುದನ್ನು ನೀವು ನೋಡಿರಬಹುದು. ಒಳಗೆ ಹೋಗುವ ಪೆಟ್ಟಿಗೆಯ ಮೇಲೆ ಒಂದು ಅಂಟುಚೀಟಿ ಇರುತ್ತದೆ, ಅದರೊಳಗೆ ಸಾಸಿವೆಗಿಂತ ಸಣ್ಣ ಒಂದು ಚಿಪ್. ಪೆಟ್ಟಿಗೆ ಗೇಟು ದಾಟುವಾಗ ಆಂಟೆನಾ ಗಾಳಿಯಲ್ಲೇ ಅದನ್ನು ಮಾತಾಡಿಸಿ ನಂಬರು ಕೇಳಿಕೊಳ್ಳುತ್ತದೆ. ಆ ಮಾತುಕತೆ ಯಾವ ಅಲೆಯಲ್ಲಿ ನಡೆಯಬೇಕು, ಎಷ್ಟು ಜೋರಾಗಿ ನಡೆಯಬೇಕು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾಯ್ದೆ. ನಮ್ಮಲ್ಲಿ ಎಂಟುನೂರ ಅರವತ್ತೈದು ಮೆಗಾಹರ್ಟ್ಸಿನಿಂದ ಮೇಲಕ್ಕೆ ಒಂದು ಸಣ್ಣ ಓಣಿ ಬಿಟ್ಟಿದ್ದಾರೆ. ಅಮೆರಿಕದಲ್ಲಿ ಒಂಬೈನೂರ ಎರಡರಿಂದ ಶುರುವಾಗುವ ಅಗಲವಾದ ರಸ್ತೆ. ಆ ರಸ್ತೆಯ ಒಂದು ಭಾಗವನ್ನು ಇಲ್ಲಿ ಮೊಬೈಲ್ ಫೋನುಗಳಿಗೆ ಕೊಟ್ಟಾಗಿದೆ, ಬೇರೆಯವರು ಕಾಲಿಡುವ ಹಾಗಿಲ್ಲ.

ಈ ಕಾಯ್ದೆಗಳನ್ನು ಓದುವುದು, ಹೊರದೇಶದಿಂದ ಬರುವ ಯಂತ್ರಗಳಿಗೆ ದೆಹಲಿಯಿಂದ ಒಪ್ಪಿಗೆಪತ್ರ ತರಿಸುವುದು, ಹಾಕಿದ ಮೇಲೆ ಅಳೆದು ನೋಡಿ ಸಹಿ ಮಾಡುವುದು ನನ್ನ ಕೆಲಸ. ನವಿ ಮುಂಬೈಯ ರಬಾಳೆಯಲ್ಲಿ ಒಂದು ಗಾಲಾದ, ಅಂದರೆ ಸಣ್ಣ ಕಾರ್ಖಾನೆ ಮಳಿಗೆಯ, ಮೊದಲ ಮಹಡಿ ನಮ್ಮ ಆಫೀಸು. ವರ್ತಕ ನಗರದಿಂದ ರಿಕ್ಷಾ, ಠಾಣೆಯಿಂದ ಲೋಕಲ್, ಹದಿನಾರು ವರ್ಷ ಇದೇ ಆಯಿತು. ಆಫೀಸಿನಲ್ಲಿ ನನಗೆ ಕಾಯ್ದೆಬಾಯಿ ಎಂಬ ಅಡ್ಡಹೆಸರು. ಬೆನ್ನ ಹಿಂದೆ ನಗುತ್ತಾರೆಂದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಉಡುಪಿ ಕಡೆಯಿಂದ ಬಂದ ಅಪ್ಪ ಹೋಟೆಲಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು ನನ್ನನ್ನು ಓದಿಸಿದ್ದು ಇಂಥದೊಂದು ಕುರ್ಚಿಗಾಗಿಯೇ ಎಂದುಕೊಳ್ಳುತ್ತಿದ್ದೆ. ಆ ಕಾಯ್ದೆಯನ್ನು ನಾನು ಒಂದೇ ಒಂದು ಸಲ ಮುರಿದೆ.

ಶೀಳ್ ಫಾಟಾದಿಂದ ಕಲ್ಯಾಣಕ್ಕೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ಒಂದು ದೊಡ್ಡ ಗೋದಾಮು. ಅಲ್ಲಿ ನಮ್ಮ ಯಂತ್ರ ಹಾಕಿದೆವು. ಬರುವ ಮಾಲೆಲ್ಲ ಅಮೆರಿಕದ್ದು, ಅಂಟುಚೀಟಿಗಳೂ ಅಲ್ಲಿಯ ಅಲೆಗೆ ಹದ ಮಾಡಿದವು. ನಮ್ಮ ಅಲೆಯಲ್ಲಿ ಕೂಗಿದರೆ ಅರ್ಧಕ್ಕರ್ಧ ಪೆಟ್ಟಿಗೆಗಳು ಉತ್ತರ ಕೊಡದೆ ದಾಟಿ ಹೋದವು. ಇನ್ನೆರಡು ಆಂಟೆನಾ ಹತ್ತಿರದಲ್ಲಿ ಕೂರಿಸಿದ್ದರೆ ಸರಿಹೋಗುತ್ತಿತ್ತು, ಆದರೆ ಅವಿನ್ನೂ ಹಡಗಿನಲ್ಲಿದ್ದವು. ಗೋದಾಮಿನ ಮ್ಯಾನೇಜರ್ ನಮ್ಮ ಮಾಲೀಕರ ತಲೆ ತಿಂದ, ಮಾಲೀಕರು ನನ್ನ ತಲೆ ತಿಂದರು. ಯಂತ್ರದಲ್ಲಿ ದೇಶದ ಹೆಸರು ಬದಲಿಸಿದರೆ ಅಲೆಯೂ ಬದಲಾಯಿತಲ್ಲ, ನಾಲ್ಕು ದಿನದ ಮಾತು ಎಂದರು. ಬೇರೆ ಯಾರೂ ಅದಕ್ಕೆ ಕೈ ಹಾಕಲಿಲ್ಲ. ಕಾಯ್ದೆಬಾಯಿ ಬೈದಾಳು ಎಂಬ ಹೆದರಿಕೆ ಅವರಿಗೆ.

ಕಡೆಗೆ ನಾನೇ ಹೋದೆ. ಲ್ಯಾಪ್‌ಟಾಪಿನಲ್ಲಿ ದೇಶಗಳ ಪಟ್ಟಿ ತೆರೆದು, ಇಂಡಿಯಾ ತೆಗೆದು ಅಮೆರಿಕ ಒತ್ತಿದೆ. ಅಷ್ಟೇ ಕೆಲಸ. ಮುಂದಿನ ಲಾರಿಯ ಅಷ್ಟೂ ಪೆಟ್ಟಿಗೆಗಳು ತಮ್ಮ ನಂಬರು ಒಪ್ಪಿಸಿಕೊಂಡು ಒಳಗೆ ಹೋದವು. ಮ್ಯಾನೇಜರ್ ಚಹಾ ತರಿಸಿದ, ವಡಾಪಾವ್ ತರಿಸಿದ, ಮೇಡಂ ಬಂದರೆ ಕೆಲಸ ಆದ ಹಾಗೇ ಎಂದು ಹೊಗಳಿದ. ಮಂಗನ ಹಾಗೆ ಹಿಗ್ಗಿದೆ. ಗೇಟಿಗೆ ಎದುರಾಗಿ, ಕಾಂಪೌಂಡಿನ ಆಚೆ, ಮೂರು ಮಹಡಿಯ ಕಟ್ಟಡದ ತಾರಸಿ ಮೇಲೆ ಮೊಬೈಲ್ ಟವರ್ ಇತ್ತು. ಕಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕು ದಿನ ತಾನೆ ಎಂದುಕೊಂಡೆ.

ಗೋದಾಮಿನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಹಮಾಲರು ಇರುತ್ತಿದ್ದರು. ಅವರಲ್ಲಿ ಒಬ್ಬಾತ ಕಲಬುರಗಿ ಕಡೆಯವನು, ನಲವತ್ತರ ಆಸುಪಾಸು. ಯಂತ್ರ ಹಾಕುವ ದಿನಗಳಲ್ಲಿ ನಾನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬಯ್ಯುತ್ತಿದ್ದುದನ್ನು ಕೇಳಿಸಿಕೊಂಡು, ನೀವು ನಮ್ಮವರೇನ್ರಿ ಎಂದು ಹತ್ತಿರ ಬಂದಿದ್ದ. ಅಂದಿನಿಂದ ನನ್ನನ್ನು ಅಕ್ಕಾರ ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ತುಳು, ಮಗಳನ್ನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಮರಾಠಿಯಲ್ಲಿ. ಹಾಗಿರುವಾಗ ಯಾರೋ ಒಬ್ಬ ಅಕ್ಕಾ ಎಂದರೆ ಖುಷಿಯಾಗುತ್ತದೆ. ಅಲ್ಲಿಗೆ ಹೋದಾಗಲೆಲ್ಲ ಆತನ ಜೊತೆ ಎರಡು ಮಾತಾಡದೆ ಬರುತ್ತಿರಲಿಲ್ಲ.

ಊರಿನಲ್ಲಿ ಆತನ ತಾಯಿ ತಮ್ಮನ ಜೊತೆ ಇದ್ದಳು, ಹಾಸಿಗೆ ಹಿಡಿದಿದ್ದಳು. ದಿನಾ ಸಂಜೆ ಐದು ನಿಮಿಷ ಫೋನು. ಏನು ಉಂಡೆ ಎಂದು ಆಕೆ ಕೇಳುವುದು, ಈತ ಹೇಳುವುದು, ಅಷ್ಟೇ ಮಾತು. ಆದರೆ ಒಂದು ವಚನ ತೆಗೆದುಕೊಂಡಿದ್ದಳಂತೆ. ಅವರಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ, ಮೊದಲ ಹಿಡಿ ಮಣ್ಣು ಹಿರಿಮಗನ ಕೈಯಿಂದ ಬೀಳಬೇಕು. ಹಿರಿಯವನು ಬರುವ ತನಕ ನನ್ನನ್ನು ಎತ್ತಬಾರದು ಎಂದು ಇಬ್ಬರೂ ಮಕ್ಕಳಿಗೆ ಹೇಳಿಟ್ಟಿದ್ದಳು. ತಮ್ಮ ಒಂದು ಫೋನು ಮಾಡಿದರೆ ಸಾಕು, ಸಿಕ್ಕ ಗಾಡಿ ಹಿಡಿದು ರಾತ್ರಿ ಬೆಳಗಾಗುವುದರೊಳಗೆ ಊರಲ್ಲಿರುತ್ತೇನೆ ಎಂದು ಈತ ಬಲು ಧೈರ್ಯದಿಂದ ಹೇಳುತ್ತಿದ್ದ.

ನಾಲ್ಕು ದಿನ ಹೋಗಿ ಹತ್ತು ದಿನವಾಯಿತು. ಆಂಟೆನಾಗಳು ಬಂದರಿನಲ್ಲಿ ಯಾವುದೋ ಕಾಗದಕ್ಕಾಗಿ ಕೂತಿದ್ದವು. ಬೇರೆ ಕೆಲಸಕ್ಕೆಂದು ಗೋದಾಮಿಗೆ ಹೋದಾಗ ಆತ ತನ್ನ ಗುಂಡಿಯ ಫೋನು ಹಿಡಿದುಕೊಂಡು ಬಂದ.

"ಅಕ್ಕಾರ, ಟವರ್ ಫುಲ್ ತೋರಸ್ತದ. ಆದ್ರ ಫೋನ್ ಹತ್ತವಲ್ದು, ಬರವಲ್ದು. ವಾರದ ಮ್ಯಾಲಾತು. ಏನಾಗ್ಯದ ನೋಡ್ರಿ."

ನೋಡಬೇಕಾದ ಅಗತ್ಯವೇ ಇರಲಿಲ್ಲ. ಟವರಿನ ಮಾತು ಫೋನಿಗೆ ಕೇಳಿಸುತ್ತಿತ್ತು, ಅದಕ್ಕೇ ಗೆರೆಗಳು ಪೂರ್ತಿ ಕಾಣುತ್ತಿದ್ದವು. ಫೋನಿನ ಸಣ್ಣ ದನಿ ಮಾತ್ರ ಟವರಿಗೆ ಕೇಳಿಸುತ್ತಿರಲಿಲ್ಲ, ಏಕೆಂದರೆ ಅದೇ ಅಲೆಯಲ್ಲಿ ನನ್ನ ಯಂತ್ರ ಹಗಲಿರುಳು ಕಿರುಚುತ್ತಿತ್ತು. ಹೊಸ ಫೋನುಗಳು ಬೇರೆ ಅಲೆ ಹುಡುಕಿಕೊಳ್ಳುತ್ತವೆ, ಹಾಗಾಗಿ ಮ್ಯಾನೇಜರಿಗಾಗಲಿ ಆಫೀಸಿನವರಿಗಾಗಲಿ ಏನೂ ತಿಳಿದಿರಲಿಲ್ಲ. ಇಂಥ ಹಳೆ ಫೋನಿಗೆ ಆ ಒಂದೇ ದಾರಿ.

ನಾನು ಹೇಳಿದ್ದು ಇಷ್ಟು: "ಅದು ಫೋನ್ ಕಂಪನಿಯವರ ತೊಂದರೆ. ಅವರೇ ಸರಿ ಮಾಡ್ತಾರೆ."

ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಭಾನುವಾರ ಡೊಂಬಿವ್ಲಿ ಸ್ಟೇಷನ್ನಿಗೆ ಹೋದರೆ ಅಲ್ಲಿ ಹತ್ತುತ್ತದೆ, ಅಲ್ಲಿಂದಲೇ ಅವ್ವನ ಹತ್ತಿರ ಮಾತಾಡುತ್ತೇನೆ ಎಂದು ಆತ ಸಮಾಧಾನ ಮಾಡಿಕೊಂಡ. ಹೊಸ ಫೋನು ಇರುವ ಯಾರದಾದರೂ ನಂಬರು ಮನೆಗೆ ಕೊಟ್ಟಿರು ಎಂದಾದರೂ ನಾನು ಹೇಳಬಹುದಿತ್ತು. ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾನೆ ಎಂದು ಬಾಯಿ ಬಿಡಲಿಲ್ಲ. ಆಫೀಸಿಗೆ ಬಂದು ಮಾಲೀಕರಿಗೆ ವಿಷಯ ತಿಳಿಸಿದೆ. ಯಾರಾದರೂ ಬರೆದು ದೂರು ಕೊಟ್ಟಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ಗಾಬರಿ, ಈ ವಾರ ಆಂಟೆನಾ ಬಂದೇ ಬರುತ್ತದೆ ಎಂದರು. ಅವರನ್ನು ದೂರಿ ಏನು ಬಂತು? ಒಂದು ಗುಂಡಿ ಒತ್ತಿ ಇಂಡಿಯಾ ಎಂದು ಮಾಡುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮ್ಯಾನೇಜರ್ ಮತ್ತೆ ಕೂಗಾಡುತ್ತಾನೆ, ಹೊಗಳಿದ ಬಾಯಲ್ಲೇ ಬೈಯುತ್ತಾನೆ ಎಂಬ ಅಂಜಿಕೆ, ಬೇರೇನೂ ಅಲ್ಲ.

ಇಪ್ಪತ್ತೆರಡನೆಯ ದಿನ, ಒಂದು ಶುಕ್ರವಾರ, ಆಂಟೆನಾ ಬಂದವು. ಕೂರಿಸಿ, ಇಂಡಿಯಾ ಒತ್ತಿ, ಅಳೆದು ನೋಡಿದೆ. ಎಲ್ಲ ಓಣಿಯೊಳಗೇ ಇತ್ತು. ದೊಡ್ಡ ಹೊರೆ ಇಳಿಸಿದ ಹಾಗಾಗಿ, ಇನ್ನು ನಿನ್ನ ಫೋನು ಹತ್ತುತ್ತದೆ ಎಂದು ಹೇಳಲು ಶೆಡ್ಡಿನ ಕಡೆ ಹೋದೆ. ಆತ ಇರಲಿಲ್ಲ. ಹಿಂದಿನ ದಿನವೇ ಊರಿಗೆ ಹೋಗಿದ್ದ. ಆತನ ಊರಿನವನೊಬ್ಬ ಹತ್ತಿರದ ದಿವಾಕ್ಕೆ ಕೆಲಸ ಹುಡುಕಿಕೊಂಡು ಬಂದವನು ಸುದ್ದಿ ತಂದಿದ್ದನಂತೆ. ತಾಯಿ ಮಂಗಳವಾರ ಬೆಳಿಗ್ಗೆ ಹೋಗಿದ್ದಳು. ಸಂಜೆಯ ತನಕ ಕಾದು ಮಣ್ಣು ಮಾಡಿದ್ದರು. ಆ ತಗಡಿನ ಬಾಗಿಲ ಮುಂದೆ ನಾನು ಎಷ್ಟು ಹೊತ್ತು ನಿಂತೆನೋ.

ಕಾರ್ಯವೆಲ್ಲ ಮುಗಿಸಿ ಆತ ವಾಪಸು ಬಂದ. ಮಾತು ಕಡಿಮೆಯಾಗಿತ್ತು. ನನ್ನನ್ನು ಕಂಡು ಒಂದು ಉಪಕಾರ ಕೇಳಿದ. ಹಿರಿಮಗ ಫೋನು ಬಂದ್ ಮಾಡಿ ಕೂತಿದ್ದ, ಅವನಿಗೆ ತಾಯಿ ಬೇಡವಾಗಿದ್ದಳು ಎಂದು ಊರಿನಲ್ಲಿ ಮಂದಿ ಮುಖದ ಮೇಲೆ ಹೇಳಿದ್ದರಂತೆ. ಬೆಳಗಿನಿಂದ ಹಚ್ಚೇ ಹಚ್ಚಿದೆ, ಹಿಂದಿಯಲ್ಲಿ ಯಾವಳೋ ಏನೋ ಹೇಳುತ್ತಿದ್ದಳು ಎಂದು ತಮ್ಮ ಎಲ್ಲರ ಮುಂದೆ ಹೇಳಿದನಂತೆ.

"ಕಂಪನಿ ತಪ್ಪು ಅಂತ ನೀವಾ ಹೇಳಿದ್ರಲ್ರಿ ಅಕ್ಕಾರ. ಅವರಿಗೆ ಒಂದು ಅರ್ಜಿ ಬರದು ಕೊಡ್ರಿ. ತಪ್ಪು ನಮ್ಮದು ಅಂತ ಅವರು ಒಂದು ಕಾಗದ ಕೊಟ್ರ, ಊರಾಗ ತೋರಸ್ತೀನಿ."

ಬರೆದೆ. ಕರ್ಮ ನನ್ನದು, ಅಂಥ ಅರ್ಜಿಗಳನ್ನು ಬರೆಯುವುದರಲ್ಲಿ ನನ್ನಷ್ಟು ಪಳಗಿದವರು ಆ ರಸ್ತೆಯಲ್ಲೇ ಇರಲಿಲ್ಲ. ಆತನ ನಂಬರು, ಜಾಗ, ಯಾವ ಯಾವ ದಿನ ಎಂಬುದನ್ನೆಲ್ಲ ಒಪ್ಪವಾಗಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಗೇಟಿನ ಯಂತ್ರದ ಮಾತು ಒಂದಕ್ಷರವೂ ಬರಲಿಲ್ಲ. ಆತ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದ, ನಾನು ರಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ. ಅವರು ಹಳೆಯ ದಾಖಲೆ ತೆಗೆದು ನೋಡಿ ಸತ್ಯ ಕಂಡುಹಿಡಿಯಲಿ ಎಂಬ ಆಸೆ ಇತ್ತು, ಕಂಡುಹಿಡಿಯದಿರಲಿ ಎಂಬ ಆಸೆಯೂ ಇತ್ತು. ಯಾವುದು ಹೆಚ್ಚಿತ್ತು ಎಂದು ಕೇಳಬೇಡಿ.

ತಿಂಗಳ ಮೇಲೆ ಉತ್ತರ ಬಂತು. ಆತ ಒಡೆಯದೆ ಇಟ್ಟುಕೊಂಡಿದ್ದ, ನಾನು ಹೋದಾಗ ಕೈಗೆ ಕೊಟ್ಟ. ತಾವು ಹೇಳಿದ ದಿನಗಳಲ್ಲಿ ನಮ್ಮ ಟವರ್ ಕೆಲಸ ಮಾಡುತ್ತಿತ್ತು, ಈಗಲೂ ಪರೀಕ್ಷಿಸಿದ್ದೇವೆ, ಯಾವ ದೋಷವೂ ಕಂಡುಬಂದಿಲ್ಲ ಎಂದು ನಾಲ್ಕು ಸಾಲು. ಓದಿ ಕನ್ನಡದಲ್ಲಿ ಹೇಳಿದೆ. ಆತ ಮತ್ತೊಮ್ಮೆ ಓದಿಸಿದ. ಮುಖ ಬಿಗಿದುಕೊಂಡಿತು.

"ಹಂಗಾದ್ರ ತಮ್ಮ ಸುಳ್ಳ ಹೇಳ್ಯಾನ. ಅವ ಫೋನಾ ಹಚ್ಚಿಲ್ಲ."

ಇದು ನನ್ನ ತಲೆಯಲ್ಲಿ ಹೊಳೆದೇ ಇರಲಿಲ್ಲ. ಗಾಬರಿಯಲ್ಲಿ, ಇರಲಿಕ್ಕಿಲ್ಲ, ಹಾಗೆಲ್ಲ ಅಂದುಕೊಳ್ಳಬಾರದು ಎಂದೇನೋ ತೊದಲಿದೆ. ಆತ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವ್ವನಿಗೆ ತಾನೆಂದರೆ ಜೀವ, ಅದು ಮೊದಲಿನಿಂದ ತಮ್ಮನಿಗೆ ಹೊಟ್ಟೆಕಿಚ್ಚು, ಕೊನೆಯ ಮಣ್ಣನ್ನೂ ತಾನೇ ಹಾಕಬೇಕೆಂದು ಸುದ್ದಿ ಮುಟ್ಟಿಸಲಿಲ್ಲ ಎಂದು ಒಂದೊಂದೇ ಜೋಡಿಸುತ್ತಾ ಹೋದ. ವಾಡಿಕೆಯಂತೆ ಹೊತ್ತು ನೋಡಿ ಲೋಕಲ್ ಹಿಡಿದು ನಾನು ಮನೆಗೆ ಬಂದೆ. ಗಂಡನಿಗೆ ಎಲ್ಲ ಹೇಳಿದೆ. ಹೋಗಿ ಹೇಳಿಬಿಡು, ಇಲ್ಲದಿದ್ದರೆ ನಿನಗೆ ನಿದ್ದೆ ಬರುವುದಿಲ್ಲ ಎಂದರು. ಕೆಲಸ ಹೋಗಬಹುದು ಎಂದೂ ಅವರೇ ಹೇಳಿದರು. ಆ ಎರಡನೆಯ ಮಾತನ್ನು ಹಿಡಿದುಕೊಂಡು ನಾನು ಮಳೆಗಾಲ ಶುರುವಾಗುವ ತನಕ ದಿನ ದೂಡಿದೆ.

ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಹಲ್ಲು ಕಚ್ಚಿಕೊಂಡು ಹೋದೆ. ಆತನನ್ನು ಗೇಟಿನ ಪಕ್ಕ ಕೂರಿಸಿಕೊಂಡು ಮೊದಲಿನಿಂದ ಹೇಳಿದೆ. ಆಂಟೆನಾ ತೋರಿಸಿದೆ, ಎದುರಿನ ಟವರ್ ತೋರಿಸಿದೆ. ಲ್ಯಾಪ್‌ಟಾಪ್ ತೆರೆದು, ದೇಶ ಬದಲಾದ ದಿನ, ಮತ್ತೆ ತಿರುಗಿಸಿದ ದಿನ, ಎರಡೂ ಸಾಲುಗಳ ಮೇಲೆ ಬೆರಳಿಟ್ಟೆ. ಅವತ್ತು ನೀನು ಫೋನು ತಂದು ಕೇಳಿದಾಗಲೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ, ನಿನ್ನ ತಮ್ಮ ನಿಜವಾಗಿ ಫೋನು ಮಾಡಿದ್ದಾನೆ ಎಂದೆ. ಹೇಳುವಾಗ ಅಳು ಬಂತು, ತಡೆಯಲಿಲ್ಲ. ಬೈಯಲಿ, ನಾಲ್ಕು ಜನರನ್ನು ಸೇರಿಸಲಿ, ಏನಾದರೂ ಮಾಡಲಿ ಎಂದು ಕೂತಿದ್ದೆ.

ಆತ ಇಂಗ್ಲಿಷಿನ ಆ ಸಾಲುಗಳನ್ನು ನೋಡಿದ. ಪೆಟ್ಟಿಗೆ ಎಣಿಸುವ ಹಲಗೆಯನ್ನು ನೋಡಿದ. ಅದು ಊರಿನಿಂದ ಬರುವ ಫೋನನ್ನು ತಡೆಯುತ್ತದೆ ಎಂದರೆ ನಂಬುವ ಹಾಗೆ ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದ, ಮನೆಯ ಹಿರಿಯಳನ್ನು ನೋಡುವ ಹಾಗೆ.

"ಅಣ್ಣತಮ್ಮರು ಕೂಡ್ಲಿ ಅಂತ ಇಷ್ಟೆಲ್ಲಾ ಹೇಳಾಕತ್ತೀರಿ. ದೊಡ್ಡ ಮನಸು ನಿಮ್ದು. ಆದ್ರ ಅವನ ಪಾಪ ನಿಮ್ಮ ತಲಿಮ್ಯಾಲ ತಗೋಬ್ಯಾಡ್ರಿ ಅಕ್ಕಾರ. ಕಾಗದ ನೀವಾ ಓದಿ ಹೇಳೀರಿ. ನೀವು ನನಗ ಸುಳ್ಳ ಓದಿ ಹೇಳವರಲ್ಲ."

ಆಣೆ ಮಾಡಿ ಹೇಳಿದೆ. ಆತ ತಲೆಯಾಡಿಸುತ್ತಲೇ ಇದ್ದ. ತಮ್ಮನ ನಂಬರಾದರೂ ಕೊಡು, ನಾನೇ ಅವನ ಹತ್ತಿರ ಮಾತಾಡುತ್ತೇನೆ ಎಂದೆ. ಕಾಗದ ಬಂದ ದಿನವೇ ಅಳಿಸಿ ಹಾಕಿದೆ ಎಂದ.