ಸಜ್ಜನಗಡದ ಹನ್ನೊಂದು ಫೋಟೋಗಳು

ಸಾತಾರೆಯ ಟೆಲಿಗ್ರಾಂ ಕಳಿಸುವ ತಾರು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಳೆದವನು ನಾನು, ಶ್ರೀರಂಗ ಢವಳೆ. ಅಷ್ಟೂ ವರ್ಷಗಳಲ್ಲಿ ನನ್ನ ಕೈಯಿಂದ ತಪ್ಪಾಗಿದೆ ಎಂದು ಒಮ್ಮೆಯೂ ಒಪ್ಪಿದ್ದಿಲ್ಲ. ಸಂದೇಶ ಕೆಟ್ಟು ಹೋಗಿದ್ದರೆ ಆ ತುದಿಯವನ ಕಿವಿ ಮಂದ, ಇಲ್ಲವೇ ಕರಾಡದ ಹತ್ತಿರ ತಂತಿಯ ಮೇಲೆ ಕಾಗೆ ಕೂತಿದೆ. ಹದಿನಾರನೇ ತಾರೀಖಿನ ಲಗ್ನವನ್ನು ಹತ್ತೊಂಬತ್ತೆಂದು ಕುಟ್ಟಿ ಕಳಿಸಿದ್ದೆ. ಹುಡುಗಿಯ ಸೋದರಮಾವ ಮೂರು ದಿನ ತಡವಾಗಿ ಬಂದು ಹಳಸಿದ ಜಿಲೇಬಿ ತಿಂದು ಹೋದ. ಆಗಲೂ ತಪ್ಪು ಕಾಗೆಯದೇ.

ನಿವೃತ್ತನಾದ ಮೇಲೆ ಊರಿನ ಹಿರಿಯರ ಗಡಭ್ರಮಣ ಮಂಡಳಿ ಸೇರಿದೆ. ಹದಿನಾಲ್ಕು ಜನ ಸದಸ್ಯರು, ಇಪ್ಪತ್ತೆಂಟು ಸವೆದ ಮೊಣಕಾಲು. ತಿಂಗಳಿಗೊಂದು ಕೋಟೆ ಹತ್ತುತ್ತಿದ್ದೆವು. ಮಂಡಳಿಯ ವಾರ್ತಾಪತ್ರವನ್ನು ಈಮೇಲ್‌ನಲ್ಲಿ ಕಳಿಸುವ ಕೆಲಸ ನನಗೆ ಬಿತ್ತು. ಯೋಗ್ಯತೆಯಿಂದಲ್ಲ, ನಮ್ಮಲ್ಲಿ ಮೊದಲು ಕಂಪ್ಯೂಟರ್ ಕೊಂಡವನು ನಾನು, ಮತ್ತು ಆ ಸಂಗತಿಯನ್ನು ಯಾರಿಗೂ ಮರೆಯಲು ಬಿಟ್ಟಿರಲಿಲ್ಲ.

ಎರಡು ಸಾವಿರದ ಎಂಟರ ದೀಪಾವಳಿಯ ನಂತರ ಮೊದಲ ಸಂಚಿಕೆ ಸಿದ್ಧವಾಯಿತು. ಸಜ್ಜನಗಡ ಕೋಟೆ ಹತ್ತಿದ ವರ್ಣನೆ, ನಡುನಡುವೆ ನಾನೇ ತೆಗೆದ ಹನ್ನೊಂದು ಫೋಟೋ. ಬೆಳಿಗ್ಗೆ ಕಳಿಸಿ, ಮೆಚ್ಚುಗೆಯ ಕರೆಗಳಿಗಾಗಿ ಫೋನಿನ ಪಕ್ಕದಲ್ಲೇ ಊಟಕ್ಕೆ ಕೂತೆ. ಮೊದಲ ಕರೆ ಬಾಪೂಸಾಹೇಬ ಶಿಂತ್ರೆಯವರದು, ನಿವೃತ್ತ ಹೆಡ್‌ಮಾಸ್ತರರು.

“ಢವಳೆ, ಗಡ ಎಲ್ಲೈತ್ರಿ? ಬರೇ ಖಾಲಿ ಚೌಕ ಅದಾವ. ಒಳಗೊಂದು ಕೆಂಪು ಗುಣಾಕಾರದ ಚಿಹ್ನೆ.”

ನನ್ನ ಕಂಪ್ಯೂಟರ್ ತೆರೆದು ನೋಡಿದೆ. ಹನ್ನೊಂದೂ ಫಳಫಳ ಹೊಳೆಯುತ್ತಿದ್ದವು. “ನನಗ ಚಂದ ಕಾಣಾಕತ್ತಾವಲ್ರಿ. ದೋಷ ನಿಮ್ಮ ಕಡೀದು. ಬಂದು ರಿಪೇರಿ ಮಾಡ್ತೀನಿ,” ಎಂದೆ, ದೊಡ್ಡ ಡಾಕ್ಟರನ ಧಾಟಿಯಲ್ಲಿ.

ಶಿಂತ್ರೆಯವರ ಪರದೆಯಲ್ಲಿ ಪತ್ರದ ನೆತ್ತಿಗೆ ಹಳದಿ ಪಟ್ಟಿಯೊಂದಿತ್ತು: ಸುರಕ್ಷತೆಗಾಗಿ ಚಿತ್ರಗಳನ್ನು ತಡೆಹಿಡಿಯಲಾಗಿದೆ. “ಇದ ನೋಡ್ರಿ ಕಳ್ಳ!” ಎಂದು ಅದನ್ನು ಒತ್ತಿದೆ. ಪಟ್ಟಿ ಮಾಯವಾಯಿತು, ಕೆಂಪು ಗುರುತು ಕದಲಲಿಲ್ಲ. ಸೆಟಿಂಗಿಗೆ ಹೋಗಿ, ಯಾರಿಂದ ಬಂದ ಚಿತ್ರವನ್ನಾದರೂ ಇನ್ನು ಮುಂದೆ ತಡೆಯಕೂಡದು ಎಂದು ಅಪ್ಪಣೆ ಕೊಟ್ಟೆ. ಊಹೂಂ. ಅವರ ಹೆಂಡತಿ ಮಾಲತಿಬಾಯಿ ಕೊಟ್ಟ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ ತಿಂದು, “ನೆಟ್ ನಿಧಾನ ಐತಿ, ಮುಂಜಾನಿಗೆ ಬರ್ತಾವ,” ಎಂದು ಎದ್ದೆ.

ಮುಂಜಾನೆ ಬಂದವು, ಆದರೆ ನನ್ನವಲ್ಲ. ಮಾಲತಿಬಾಯಿಯೇ ಫೋನ್ ಮಾಡಿದರು. “ಏನ್ ಮಾಡಿ ಹೋದ್ರಿ ನೀವು? ಗಡದ ಬದಲಿ ಅರ್ಧಂಬರ್ಧ ಬಟ್ಟಿ ತೊಟ್ಟ ಹುಡುಗ್ಯಾರು ಬಂದಾರ. ಇವರು ‘ಢವಳೇನ ತೆರದ ಹೋಗ್ಯಾನ’ ಅಂತ ಕೂತು ನೋಡಾಕತ್ತಾರ!”

ಜಾಹೀರಾತಿನವರಿಗೂ ಬಾಗಿಲು ತೆರೆದಿದ್ದೆ ಎಂದು ಹೊಳೆದರೂ ಧೈರ್ಯ ಕುಂದಲಿಲ್ಲ. ಮುಂದಿನ ಹತ್ತು ದಿನಗಳಲ್ಲಿ ಸ್ಕೂಟರ್ ಮೇಲೆ ಇನ್ನೂ ಆರು ಮನೆ ತಿರುಗಿದೆ. ಒಬ್ಬರ ವೈರಸ್ ಕಾವಲನ್ನು ಕಿತ್ತುಹಾಕಿದೆ. ಇನ್ನೊಬ್ಬರ ಈಮೇಲ್ ಪ್ರೋಗ್ರಾಮನ್ನೇ ಅಳಿಸಿ ಮತ್ತೆ ಕೂರಿಸಿದೆ. ಅದರ ಜೊತೆ ಅವರ ಮೂರು ವರ್ಷದ ಪತ್ರಗಳೂ ಹೋದವು. ಬಸ್ ಕಂಡಕ್ಟರ್ ಆಗಿದ್ದ ಗಣಪತರಾವ್ ಲೋಖಂಡೆಗೆ ಹೊಸ ಪರದೆ ಕೊಳ್ಳಲು ಹೇಳಿದೆ. ಪಾಪ, ಕೊಂಡ. ಕೆಂಪು ಗುರುತು ಮೊದಲಿಗಿಂತ ಸ್ಪಷ್ಟವಾಗಿ ಕಂಡಿತು.

ಎಂಟನೆಯದು ಇಂದುತಾಯಿ ನಿಂಬಾಳ್ಕರರ ಮನೆ. ಎಪ್ಪತ್ತೆರಡು ವಯಸ್ಸು, ಕನ್ಯಾಶಾಲೆಯಲ್ಲಿ ರೇಖಾಗಣಿತ ಕಲಿಸಿದವರು. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮೌಸಿನ ಮೇಲೆ ಕೈಯಿಟ್ಟು ತಡೆದರು.

“ನೀವು ಮುಟ್ಟಬ್ಯಾಡ್ರಿ. ಸುದ್ದಿ ಕೇಳೀನಿ. ಒಂದು ಮಾತು ಹೇಳ್ರಿ. ಈ ಚೌಕದ ಮ್ಯಾಲೆ ಬಾಣ ಇಟ್ರ ಚಿತ್ರದ ವಿಳಾಸ ತೋರಸ್ತದ. ಅದ್ರಾಗ ‘ಢವಳೆ’ ಅಂತ ಯಾಕ ಐತಿ?”

ಬಗ್ಗಿ ನೋಡಿದೆ. ಸಿ ಡ್ರೈವ್, ಢವಳೆ, ನನ್ನ ಚಿತ್ರಗಳು, ಸಜ್ಜನಗಡ ಒಂದು.

“ಅದು ನನ್ನ ಕಂಪ್ಯೂಟರಿನ ಫೋಲ್ಡರ್,” ಎಂದೆ.

“ಹೌದಲ್ಲ? ಅಂದ್ರ ಚಿತ್ರ ಪತ್ರದಾಗ ಬಂದೇ ಇಲ್ಲ. ‘ಢವಳೆಯವರ ಮನಿ ಕಪಾಟಿನ್ಯಾಗ ಐತಿ, ನೋಡಿಕೋ’ ಅಂತ ಬರೇ ಚೀಟಿ ಬಂದೈತಿ. ಪಾಪ, ನನ್ನ ಕಂಪ್ಯೂಟರು ನಿಮ್ಮ ಕಪಾಟು ಹೆಂಗ ತೆಗೀಬೇಕು?”

“ಆದ್ರ ನನಗ ಕಾಣ್ತಾವಲ್ರಿ!”

“ಕಪಾಟು ನಿಮ್ಮನ್ಯಾಗ ಐತಿ. ಅದಕ್ಕ ಕಾಣ್ತಾವ.”

ಕಿವಿ ಬಿಸಿಯಾಯಿತು. ಅವರು ಚಹಾ ಕೊಟ್ಟರು, ರುಚಿ ತಿಳಿಯಲಿಲ್ಲ. ಏಳೂ ಮನೆಗಳು ಸಾಲಾಗಿ ಕಣ್ಣ ಮುಂದೆ ಬಂದವು. ಮನೆಗೆ ಬಂದು ಹೆಂಡತಿ ಸುಮತಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ.

“ಏಳು ಮನಿ ಪೋಹೆ ತಿಂದು ಬಂದೀರಿ. ಅದನ್ನ ಹೆಂಗ ವಾಪಸ್ ಕೊಡ್ತೀರಿ?” ಎಂದಳು.

ಆವೇಶದಲ್ಲಿ ಹನ್ನೊಂದು ಫೋಟೋಗಳನ್ನೂ ಪತ್ರಕ್ಕೇ ಅಂಟಿಸಿ ಮತ್ತೆ ಕಳಿಸಿದೆ. ಕ್ಯಾಮೆರಾದಿಂದ ಇಳಿದ ದೈತ್ಯ ಗಾತ್ರದಲ್ಲೇ! ಹದಿಮೂರು ಜನರ ಈಮೇಲ್ ಪೆಟ್ಟಿಗೆಗಳೂ ಎರಡು ದಿನ ಉಸಿರುಗಟ್ಟಿ ನಿಂತವು. ಇಂದುತಾಯಿ ನನ್ನನ್ನು ಕರೆಸಿ, ಫೋಟೋಗಳನ್ನು ಕುಗ್ಗಿಸುವುದನ್ನು ಮೂರು ಸಲ ಮಾಡಿ ತೋರಿಸಿದರು. ಮೂರನೇ ಪತ್ರಕ್ಕೆ ‘ತಾಂತ್ರಿಕ ಕಾರಣದಿಂದಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ತಲೆಬರಹ ಕೊಟ್ಟೆ. ಅವರು ಓದಿ ಕನ್ನಡಕದ ಮೇಲಿಂದ ನೋಡಿದರು. “ಆ ತಾಂತ್ರಿಕ ಕಾರಣಕ್ಕ ಹೆಸರಿಲ್ಲೇನು?”

ಅಳಿಸಿ, ‘ತಪ್ಪು ನನ್ನದು, ಶ್ರೀರಂಗ ಢವಳೆ’ ಎಂದು ಬರೆದೆ. ಅರವತ್ತೆರಡನೇ ವಯಸ್ಸಿನಲ್ಲಿ ಆ ಸಾಲು ಹೊಡೆಯಲು ಹತ್ತು ನಿಮಿಷ ಹಿಡಿಯಿತು.

ಅಂದು ಸಂಜೆ ಎಲ್ಲರಿಗೂ ಎಲ್ಲವೂ ಕಂಡವು. ಮೊದಲು ಫೋನ್ ಮಾಡಿದವನು ಲೋಖಂಡೆ.

“ಢವಳೆ, ಹೊಸ ಪರದ್ಯಾಗ ನನ್ನ ಹೊಟ್ಟಿ ಭಾಳ ಚಲೋ ಕಾಣ್ತದ. ತಲಿ ಎಲ್ಲೋ?”

ಹೋಗಿ ನೋಡಿದೆ. ಅವನದೊಂದೇ ಅಲ್ಲ, ಆರು ಫೋಟೋಗಳಲ್ಲಿ ಯಾರಿಗೂ ತಲೆಯಿರಲಿಲ್ಲ. ಉಳಿದವುಗಳ ಮೂಲೆಯಲ್ಲಿ ನನ್ನ ಹೆಬ್ಬೆರಳು. ಅಷ್ಟು ದಿನ ನೋಡಿ ಹೆಮ್ಮೆಪಟ್ಟವನಿಗೆ ಅದು ಕಂಡೇ ಇರಲಿಲ್ಲ.

ಮುಂದಿನ ತಿಂಗಳು ಅಜಿಂಕ್ಯತಾರಾ ಕೋಟೆ ಹತ್ತಿದಾಗ ಕ್ಯಾಮೆರಾ ಇಂದುತಾಯಿಯವರ ಕೊರಳಲ್ಲಿತ್ತು. ಹದಿನಾಲ್ಕು ಜನರ ನೀರಿನ ಚೀಲ ನನ್ನ ಬೆನ್ನ ಮೇಲೆ.