ಕ್ಲಾರಾಳ ಮೈಕು

ಗೆಳೆಯರೇ, ಇಂದು ದಾಂಡೇಲಿಯ ಸಭಾಭವನದಲ್ಲಿ ಕ್ಲಾರಾ ಹಾಡಿದಳು. ಹಳಿಯಾಳ ಕಡೆಯ ಸಿದ್ದಿ ಹುಡುಗಿ, ಜಮೈಕಾದ ರೆಗ್ಗೆ ಶೈಲಿಯಲ್ಲಿ ಹಾಡಿ ಈಗಷ್ಟೇ ಹೆಸರಾಗುತ್ತಿದ್ದಾಳೆ. ಸೂಪಾ ಅಣೆಕಟ್ಟಿನ ವಿದ್ಯುತ್ ತಂತಿ ತಮ್ಮ ಕೇರಿಯ ಮೇಲೆಯೇ ಹಾದುಹೋದರೂ ಮನೆಯೊಳಗೆ ಇನ್ನೂ ಚಿಮಣಿ ದೀಪವೇ ಎಂಬ ಹಾಡು. ಎರಡನೇ ಚರಣಕ್ಕೆ ಮೈಕು ಸತ್ತಿತು.

“ಕರೆಂಟ್ ಹೋತವ್ವಾ, ಸಾಕು, ಇಳಿ,” ಎಂದರು ಮುಂದಿನ ಸಾಲಿನಲ್ಲಿದ್ದ ಸಂಘಟಕರು.

ಕ್ಲಾರಾ ಅವರ ತಲೆಯ ಮೇಲೆ ಬೆರಳು ತೋರಿಸಿದಳು. “ಹೌದೇನ್ರಿ ಕಾಕಾ? ಮತ್ತ ಆ ಫ್ಯಾನಿಗೆ ಯಾರೂ ಹೇಳೇ ಇಲ್ಲಲ್ರಿ!”

ಸಭೆಯೆಲ್ಲ ನಕ್ಕಿತು. ಅವಳು ಮೈಕಿಲ್ಲದೆಯೇ ಹಾಡು ಮುಗಿಸಿದಳು, ಕಡೆಯ ಸಾಲಿಗೆ ನಾವೆಲ್ಲ ದನಿಗೂಡಿಸಿದೆವು.

ಸೂಪಾ ಊರು ಮುಳುಗಿದಾಗ ಎಲ್ಲರ ಮನೆಗೂ ಬೆಳಕು ಬರುತ್ತದೆ ಎಂದಿದ್ದರು, ನನಗೆ ನೆನಪಿದೆ. ಬೆಳಕು ಬರಲಿಲ್ಲ, ಕ್ಲಾರಾ ಬಂದಿದ್ದಾಳೆ. ಇವಳನ್ನು ಆರಿಸುವ ಸ್ವಿಚ್ಚು ಎಲ್ಲಿದೆಯೆಂದು ಸಂಘಟಕರು ಹುಡುಕುತ್ತಿರಲಿ.