ಪ್ರಾರ್ಥನೆಗೆಂದು ಹೇಳಿದ ಮಾತು

ಕಳೆದ ತಿಂಗಳು ಒಂದು ಶನಿವಾರ ನನ್ನನ್ನು ಹಿಂದೂ ಮಾಡಿದರು. ಮೂರು ನಿಮಿಷದ ಮಟ್ಟಿಗೆ.

ಯೂನಿಯನ್ ಸಿಟಿಯ ನಮ್ಮ ಚರ್ಚಿನಲ್ಲಿ ತರಬೇತಿ ಇತ್ತು. ಪಾದ್ರಿಗಳಲ್ಲದ, ನನ್ನಂಥ ಸಾಮಾನ್ಯ ವಿಶ್ವಾಸಿಗಳು ನೆರೆಹೊರೆಯವರಿಗೆ ತಮ್ಮ ನಂಬಿಕೆಯನ್ನು ಹೇಗೆ ಹೇಳಬೇಕು, ಮನೆಯ ಹಾಲ್‌ನಲ್ಲೇ ಒಂದು ಸಭೆಯನ್ನು, ಅಂದರೆ ಪುಟ್ಟ ಚರ್ಚನ್ನು, ಹೇಗೆ ಶುರು ಮಾಡಬೇಕು ಎಂಬುದು ವಿಷಯ. (ನಾನು ಕ್ರೈಸ್ತಳೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಅದರ ಬಗ್ಗೆ ಬರೆಯುವುದು ಮಾತ್ರ ಇದೇ ಮೊದಲು.)

ಕಲಿಸಲು ವಾಲ್ನಟ್ ಕ್ರೀಕ್ ಊರಿನಿಂದ ಬಂದಿದ್ದವನು ಡೇವ್. ಒಳ್ಳೆಯ ಶೂ, ಒಳ್ಳೆಯ ಹಲ್ಲು, ಒಳ್ಳೆಯ ಸ್ಲೈಡುಗಳು. ಲಾಂಚ್, ಗ್ರೋತ್, ಫಾಲೋ-ಅಪ್. ಸುತ್ತಲಿನ ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದರೆ, ಅವುಗಳ ಭಾಷೆಯೆಲ್ಲ ಬಂದು ನಮ್ಮ ಚರ್ಚಿನಲ್ಲಿ ಸೇರಿಕೊಂಡಿತ್ತು.

ಅಭ್ಯಾಸಕ್ಕೆ ಇಬ್ಬಿಬ್ಬರ ಜೋಡಿ, ಗಡಿಯಾರ ಹಿಡಿದು ಮೂರು ನಿಮಿಷ. ಒಬ್ಬರು ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳಬೇಕು, ಇನ್ನೊಬ್ಬರು ಅದನ್ನು ಕೇಳುವ ಹಿಂದೂ ನೆರೆಯವರು. ನನಗೆ ಜೋಡಿಯಾದವರು ಪ್ರಭಾಕರಣ್ಣ. ಮೈಸೂರಿನವರು, ನಮ್ಮ ಕನ್ನಡ ಪ್ರಾರ್ಥನಾ ಕೂಟದ ಹಿರಿಯರು. ನನಗೆ ಕಾರಿಲ್ಲದ ಕಾಲದಲ್ಲಿ ಎಷ್ಟೋ ಸಲ ಮನೆಗೆ ಬಿಟ್ಟವರು.

“ನೀನೇ ಹಿಂದೂ ಆಗಮ್ಮ,” ಅಂದರು.

ಆದೆ. ಅವರು ಶುರು ಮಾಡಿದ ಕೂಡಲೇ ಕೇಳಿದೆ: “ನಂಗೆ ದೇವರು ಸಿಕ್ಕಿಲ್ಲ ಅಂತ ನಿಮಗ್ಯಾರು ಹೇಳಿದ್ರು?”

“ಏಯ್, ಹಂಗೆಲ್ಲ ಕೇಳಂಗಿಲ್ಲ. ‘ನಂಗೆ ನೆಮ್ಮದಿ ಇಲ್ಲ’ ಅನ್ನು. ಅವರು ಕೊಟ್ಟ ಪೇಪರಲ್ಲಿ ಅಷ್ಟೇ ಇರೋದು.”

ನೆಮ್ಮದಿ ಇಲ್ಲ ಅಂದೆ. (ಅಷ್ಟು ಹೊತ್ತಿಗೆ ಅದು ನಿಜವೂ ಆಗಿತ್ತು.) ಮೂರು ನಿಮಿಷಕ್ಕೆ ನನ್ನ ಮನಸ್ಸು ಬದಲಾಯಿತು. ಪಕ್ಕದ ಜೋಡಿ ಚಪ್ಪಾಳೆ ತಟ್ಟಿತು.

ಇಲ್ಲಿಯವರೆಗೆ ನಗಬಹುದು. ಆಮೇಲೆ ಡೇವ್ ಬೋರ್ಡಿನ ಮುಂದೆ ನಿಂತು ಕೇಳಿದ: ನಿಮಗೆ ಗೊತ್ತಿರುವವರಲ್ಲಿ ಈಗ ಕಷ್ಟದಲ್ಲಿರುವವರು ಯಾರು? ಕಷ್ಟದಲ್ಲಿರುವವರ ಮನಸ್ಸು ತೆರೆದಿರುತ್ತದೆ, ಅಲ್ಲಿಂದಲೇ ಆರಂಭಿಸಿ.

ಪ್ರಭಾಕರಣ್ಣ ಕೈ ಎತ್ತಿ, ನನ್ನತ್ತ ತೋರಿಸಿದರು. “ಸುನೀತಾಳ ಎದುರುಮನೆ ಲತಾ. ಗಂಡನಿಗೆ ಲೇಆಫ್ ಆಗಿದೆ.”

ಬೋರ್ಡಿನ ಮೇಲೆ ಲತಾ ಎಂದು ಬಿತ್ತು. ಡೇವ್ ಪಕ್ಕದಲ್ಲೊಂದು ನಕ್ಷತ್ರ ಬಿಡಿಸಿದ. (ಅವಳ ನಿಜವಾದ ಹೆಸರು ಬೇರೆ. ತವರೂರನ್ನೂ ಹೇಳುವುದಿಲ್ಲ.)

ಲತಾಳ ಗಂಡ ರವಿಯ ವೀಸಾ ನಿಂತಿರುವುದೇ ಕೆಲಸದ ಮೇಲೆ. ಬೇಗ ಇನ್ನೊಂದು ಕಂಪನಿ ಸಿಗದಿದ್ದರೆ ಈ ದೇಶದಿಂದಲೇ ಗಂಟುಮೂಟೆ ಕಟ್ಟಬೇಕು. ಯಾರಿಗೂ ಹೇಳಕೂಡದೆಂದು ಅವನು ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದ. ಅವಳು ತಡೆಯಲಾರದೆ ನನ್ನೊಬ್ಬಳಿಗೆ ಹೇಳಿದ್ದಳು. ನಾನು ಪ್ರಾರ್ಥನಾ ಕೂಟದಲ್ಲಿ, ಹೆಸರೆತ್ತದೆ, ‘ಕೆಲಸ ಕಳೆದುಕೊಂಡ ಒಂದು ಕುಟುಂಬಕ್ಕಾಗಿ ಪ್ರಾರ್ಥಿಸಿ’ ಎಂದಿದ್ದೆ. ಅಷ್ಟೇ. ಆ ವಾರವೇ, ಕೆಲಸದ ದಿನ ನಡುಮಧ್ಯಾಹ್ನ, ನನ್ನ ಬಾಗಿಲಲ್ಲಿ ಕೀರ್ತನೆ ಪುಸ್ತಕಗಳನ್ನು ಇಟ್ಟುಹೋಗಲು ಬಂದ ಪ್ರಭಾಕರಣ್ಣ, ಮೆಟ್ಟಿಲ ಬಳಿ ಮಗುವನ್ನು ಆಡಿಸುತ್ತಿದ್ದ ರವಿಯನ್ನು ಕಂಡು ಉಳಿದದ್ದನ್ನು ತಾವೇ ಕೂಡಿಸಿಕೊಂಡಿದ್ದರು.

ನಾನು ಎದ್ದು ಹೋಗಿ ಆ ಹೆಸರನ್ನು ಅಳಿಸಿದೆ. ನಾಲ್ಕು ಜನರ ಮುಂದೆ ಎದ್ದು ನಿಲ್ಲುವವಳಲ್ಲ ನಾನು. ಅವತ್ತು ನಿಂತೆ.

“ಸುವಾರ್ತೆ ಅಂದ್ರೆ ನಾಚಿಕೆನಾ ಸುನೀತಾ?” ಅಂದರು ಪ್ರಭಾಕರಣ್ಣ.

“ಇದು ಸುವಾರ್ತೆ ಅಲ್ಲ ಅಣ್ಣ. ಇನ್ನೊಬ್ಬರ ಮನೆ ವಿಷಯ.”

ಹೆಸರು ಬೋರ್ಡಿನಿಂದ ಹೋಯಿತು, ಅವರ ತಲೆಯಿಂದ ಹೋಗಲಿಲ್ಲ. ಮರುದಿನ ಸಂಜೆ ಪ್ರಭಾಕರಣ್ಣ, ಡೇವ್ ಇಬ್ಬರೂ ಕೇಕು ಹಿಡಿದುಕೊಂಡು ಹೋಗಿ ಲತಾಳ ಮನೆಯ ಬೆಲ್ ಒತ್ತಿದರು. ಬಾಗಿಲು ತೆರೆದವನು ರವಿ. ‘ನಿಮ್ಮ ಕೆಲಸ ಹೋಯಿತೆಂದು ಕೇಳಿ ಬೇಜಾರಾಯ್ತು’ ಎಂದೇ ಮಾತು ಶುರು ಮಾಡಿದರಂತೆ. (ನೋವಿನಿಂದ ಆರಂಭಿಸಿ ಎಂದು ಒಂದು ಸ್ಲೈಡೇ ಇತ್ತು.) ಅವರು ಹೋದ ಮೇಲೆ ಆ ಮನೆಯಿಂದ ನನ್ನ ಕಿವಿಗೆ ಬಿದ್ದದ್ದನ್ನು ಬರೆಯುವುದಿಲ್ಲ.

ಬೆಳಿಗ್ಗೆ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಲತಾ ಸಿಕ್ಕಳು. ನಿನ್ನೆಯವರೆಗೆ ನನ್ನನ್ನು ಬಾರೆ, ಹೋಗೆ ಅನ್ನುತ್ತಿದ್ದವಳು.

“ನಿಮ್ಮೋರ ಕೇಕು ಚೆನ್ನಾಗಿತ್ತು ಕಣ್ರೀ.”

“ಲತಾ, ನಾನು ಕಳಿಸಿದ್ದಲ್ಲ ಕಣೆ. ನಿನ್ ಹೆಸರೂ ಹೇಳ್ಲಿಲ್ಲ. ಬರೀ ಪ್ರಾರ್ಥನೆ ಮಾಡಿ ಅಂತ...”

“ಮಾಡ್ಸಿ, ಪುಣ್ಯ ಬರುತ್ತೆ. ನನ್ ಗಂಡ ನನ್ ಹತ್ರ ಮಾತು ಬಿಟ್ಟಿದಾರೆ, ಅದಕ್ಕೂ ಒಂದು ಮಾಡ್ಸಿಬಿಡಿ.”

ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಟವಳು ತಿರುಗಿ ನಿಂತಳು. “ಒಂದ್ ಮಾತು ಹೇಳಿ. ನಂಗೆ ಜ್ವರ ಬಂದಾಗ ಮಗೂನ ನೋಡ್ಕೊಂಡ್ರಲ್ಲ, ಅದೂ ಇದಕ್ಕೇನಾ?”

ಆ ಮಗುವನ್ನು ನೋಡಿಕೊಂಡದ್ದು ಯಾವುದಕ್ಕೂ ಅಲ್ಲ. ಅವಳಿಗೆ ಜ್ವರವಿತ್ತು, ನೋಡಿಕೊಂಡೆ. ಆದರೆ ಈಗ ಅದನ್ನು ಹೇಗೆ ನಂಬಿಸಲಿ? ಒಂದು ಕೇಕಿನಲ್ಲಿ ನನ್ನ ಎರಡು ವರ್ಷದ ಸ್ನೇಹವನ್ನೆಲ್ಲ ಬಲೆ ಅನ್ನಿಸುವಂತೆ ಮಾಡಿಟ್ಟು ಹೋದರು.

ನಂಬಿಕೆಯನ್ನು ಹಂಚಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಫೋಲ್ಡಿಂಗ್ ಕುರ್ಚಿ ಹಾಕಿಕೊಂಡು ನಾಲ್ಕು ಜನ ಕೂತರೂ ಅದು ಸಭೆಯೇ. ಅದಕ್ಕೆ ಪಾದ್ರಿಯನ್ನು ಕಾಯಬೇಕಿಲ್ಲ, ನನ್ನಂಥವರೇ ಮಾಡಬೇಕು. ಲತಾ ಒಮ್ಮೆ ತಾನಾಗಿಯೇ ‘ನೀನು ಯಾಕೆ ಯೇಸುವನ್ನು ನಂಬ್ತೀಯ?’ ಎಂದು ಕೇಳಿದ್ದಳು. ಹೇಳಿದ್ದೆ. ಅವಳು ವಾದ ಮಾಡಿದಳು, ನಕ್ಕಳು, ಇನ್ನಷ್ಟು ಕೇಳಿದಳು. ಯಾರೂ ಗಡಿಯಾರ ಹಿಡಿದು ನಿಂತಿರಲಿಲ್ಲ.

ಸಾಮಾನ್ಯರನ್ನು ಸಜ್ಜುಗೊಳಿಸುವುದೆಂದರೆ ಬಾಯಿ ತೆರೆಸುವುದಷ್ಟೇ ಏನು? ಬಾಯಿ ಮುಚ್ಚಿಕೊಂಡಿರುವುದನ್ನು ಯಾವ ಸ್ಲೈಡಿನಲ್ಲಿ ಕಲಿಸುತ್ತೀರಿ? ಒಬ್ಬನ ಕೆಲಸ ಹೋದದ್ದು ನಿಮಗೆ ಸದವಕಾಶವಾದರೆ, ನಾಳೆ ಅವನಿಗೆ ಕೆಲಸ ಸಿಕ್ಕಿದರೆ ನಿಮಗೆ ನಷ್ಟವೇ?

ಮುಂದಿನ ಭಾನುವಾರ ಇದನ್ನೆಲ್ಲ ಪ್ರಭಾಕರಣ್ಣನಿಗೆ ಹೇಳಿದೆ.

“ನಾವು ಬೀಜ ಬಿತ್ತಿದ್ವಿ ಅಷ್ಟೇ ಕಣಮ್ಮ. ಬೆಳೆ ದೇವರದ್ದು.”

“ಹೊಲ ಯಾರದ್ದು ಅಂತ ಕೇಳಬೇಡ್ವಾ ಅಣ್ಣ?”

“ನಿಂಗೆ ಆತ್ಮಗಳನ್ನ ರಕ್ಷಿಸೋ ಭಾರ ಇಲ್ಲ ಬಿಡು,” ಅಂದರು. ಬೇಜಾರು ಮಾಡಿಕೊಂಡು ಎರಡು ಹೆಜ್ಜೆ ಹೋದವರು, ಏನೋ ನೆನಪಾಗಿ ಹಿಂದೆ ಬಂದರು. ಹೊಸ ಸಭೆಯನ್ನು ನನ್ನ ಅಪಾರ್ಟ್‌ಮೆಂಟಿನಲ್ಲೇ ಶುರು ಮಾಡುವುದೆಂದು ಡೇವ್ ಜೊತೆ ಮಾತಾಡಿಯಾಗಿದೆಯಂತೆ. ರೈಲು ಸ್ಟೇಷನ್ನಿಗೆ ಹತ್ತಿರ, ಪಾರ್ಕಿಂಗ್ ಸಲೀಸು. “ನೀನು ಅಕ್ಕಪಕ್ಕದವರನ್ನ ಕರೆದ್ರೆ ಸಾಕು,” ಅಂದರು.

ಕರೆಯುತ್ತೇನೆ ಪ್ರಭಾಕರಣ್ಣ, ಆದರೆ ಇನ್ನು ನನ್ನನ್ನು ನಂಬಿ ಬರುವವರು ಯಾರು?